ಕರ್ಮದ ಬಗ್ಗೆ ಒಂದು ಪೇಪರ್: ಸಮ್ಮೇಳನದಿಂದ ಜರ್ನಲ್‌ವರೆಗೆ

ನನ್ನ ಪೇಪರ್ ಕೊನೆಗೂ ಒಂದು ಜರ್ನಲ್‌ನಲ್ಲಿ ಬಂತು. ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್‌ನ ವಾರ್ಷಿಕ ಸಮ್ಮೇಳನಕ್ಕೆ ಪ್ರಸ್ತಾವನೆ ಕಳಿಸಿದ್ದು, ಅಲ್ಲಿಗೆ ಹೋಗಿ ಓದಿದ್ದು, ಆಮೇಲೆ ಅದನ್ನು ಅಚ್ಚು ಮಾಡಿಸಲು ಅಲೆದದ್ದು, ಎಲ್ಲ ಸೇರಿ ವರ್ಷಗಳೇ ಹಿಡಿದವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾನು ಹೊರಟಾಗ ನನಗೆ ಸಿಕ್ಕ ಸಲಹೆಗಳೆಲ್ಲ ಧರ್ಮಾಧ್ಯಯನ ವಿಭಾಗದಲ್ಲೇ ಓದಿ ಬೆಳೆದವರು ತಮ್ಮಂಥವರಿಗೆ ಕೊಟ್ಟವು. ನಾನು ಓದಿದ್ದು ತತ್ವಶಾಸ್ತ್ರ. ಎರಡೂ ಕಡೆ ಒಂದೇ ವಿಷಯ ಮಾತಾಡುತ್ತಾರೆ ಅಂತ ಹೊರಗಿನಿಂದ ಕಾಣುತ್ತದೆ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ, ಅವರ ರೂಢಿಗಳೇ ಬೇರೆ, ನಮ್ಮವೇ ಬೇರೆ.

ಈ ಸಮ್ಮೇಳನ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎಎಆರ್ ಅಂತ ಎಲ್ಲರೂ ಕರೆಯುವ ಈ ಸಂಸ್ಥೆ 1909ರಲ್ಲಿ ಬೈಬಲ್ ಪಾಠ ಮಾಡುವ ಅಧ್ಯಾಪಕರ ಸಂಘವಾಗಿ ಶುರುವಾಯಿತು. ಈಗಿನ ಹೆಸರು ಬಂದದ್ದು 1960ರ ದಶಕದಲ್ಲಿ. ಅದರ ಜೊತೆಗೆ ಸಮ್ಮೇಳನ ನಡೆಸುವ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಇನ್ನೂ ಹಳೆಯದು, 1880ರದ್ದು. ನಡುವೆ 2008ರಿಂದ 2010ರವರೆಗೆ ಎರಡೂ ಬೇರೆ ಬೇರೆಯಾಗಿ ಸೇರುತ್ತಿದ್ದವು, 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತ್ತೆ ಒಂದಾದವು. ಪ್ರತಿ ವರ್ಷ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ವಾರಾಂತ್ಯದಲ್ಲಿ ಶನಿವಾರದಿಂದ ಮಂಗಳವಾರದವರೆಗೆ ನಡೆಯುತ್ತದೆ. ಊರು ಬದಲಾಗುತ್ತಿರುತ್ತದೆ: 2022ರಲ್ಲಿ ಡೆನ್ವರ್, 2023ರಲ್ಲಿ ಸ್ಯಾನ್ ಆಂಟೋನಿಯೋ, 2024ರಲ್ಲಿ ಸ್ಯಾನ್ ಡಿಯೇಗೋ, 2025ರಲ್ಲಿ ಬಾಸ್ಟನ್. ನಾನು ಹೋದದ್ದು ಸ್ಯಾನ್ ಆಂಟೋನಿಯೋಗೆ. ಸಾವಿರಾರು ಜನ ಬರುತ್ತಾರೆ. ಹೀಬ್ರೂ ವ್ಯಾಕರಣದವರು, ಬೌದ್ಧ ಭಿಕ್ಷುಗಳು, ಪಾದ್ರಿಗಳು, ಕಟ್ಟಾ ನಾಸ್ತಿಕರು, ಮಧ್ಯಯುಗದ ಅನುಭಾವಿಗಳ ಮೇಲೆ ಕೆಲಸ ಮಾಡುವವರು, ಎಲ್ಲರೂ ಒಂದೇ ಎಸ್ಕಲೇಟರ್‌ನಲ್ಲಿ ಮೇಲೆ ಕೆಳಗೆ ಓಡಾಡುತ್ತಿರುತ್ತಾರೆ.

ಮೊದಲ ಹೆಜ್ಜೆ ಪ್ರಸ್ತಾವನೆ. ವರ್ಷದ ಶುರುವಿನಲ್ಲಿ ಕರೆ ಬರುತ್ತದೆ, ಹೆಚ್ಚು ಕಡಿಮೆ ಮಾರ್ಚ್ ಮೊದಲ ವಾರದ ಹೊತ್ತಿಗೆ ಗಡುವು, ಏಪ್ರಿಲ್‌ನಲ್ಲಿ ಉತ್ತರ. ಪ್ರಸ್ತಾವನೆಗೆ 1000 ಪದ, ಕಾರ್ಯಕ್ರಮ ಪಟ್ಟಿಯಲ್ಲಿ ಹಾಕುವ ಸಾರಾಂಶಕ್ಕೆ 150 ಪದ. ಸಾರಾಂಶ ತಾನೇ ಅಂತ ಕೊನೆಗಳಿಗೆಯಲ್ಲಿ ಗೀಚಬೇಡಿ. ನವೆಂಬರ್‌ನಲ್ಲಿ ಜನ ನಿಮ್ಮ ಕೋಣೆಗೆ ಬರಬೇಕೋ ಪಕ್ಕದ ಕೋಣೆಗೆ ಹೋಗಬೇಕೋ ಅಂತ ತೀರ್ಮಾನ ಮಾಡುವುದು ಆ 150 ಪದ ನೋಡಿಯೇ.

ಇಲ್ಲಿ ತತ್ವಶಾಸ್ತ್ರದವರು ಗಮನಿಸಬೇಕಾದ್ದು ಒಂದಿದೆ. ನಮ್ಮ ಕಡೆಯ ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ಪೇಪರ್ ಕಳಿಸುತ್ತೇವೆ, ಚೆನ್ನಾಗಿದ್ದರೆ ತಗೋತಾರೆ. ಇಲ್ಲಿ ಹಾಗಲ್ಲ. ಸಮ್ಮೇಳನ ನೂರಕ್ಕೂ ಹೆಚ್ಚು ಘಟಕಗಳಾಗಿ ಒಡೆದಿರುತ್ತದೆ, ಯೂನಿಟ್ ಅಂತಾರೆ. ಧರ್ಮದ ತತ್ವಶಾಸ್ತ್ರಕ್ಕೆ ಒಂದು ಯೂನಿಟ್, ಹಿಂದೂ ಧರ್ಮಕ್ಕೆ ಒಂದು, ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಒಬ್ಬನಿಗೇ ಒಂದು. ಪ್ರತಿ ಯೂನಿಟ್ ಆ ವರ್ಷಕ್ಕೆ ತನ್ನದೇ ವಿಷಯಗಳನ್ನು ಕೊಟ್ಟಿರುತ್ತದೆ. ನಿಮ್ಮ ಪೇಪರ್ ಎಷ್ಟೇ ಚೆನ್ನಾಗಿರಲಿ, ಆ ವಿಷಯಗಳ ಜೊತೆ ಅದಕ್ಕೆ ನಂಟು ಕಾಣದಿದ್ದರೆ ಬೇರೆ ಮೂವರ ಪೇಪರ್‌ಗಳ ಜೊತೆ ಒಂದು ಗೋಷ್ಠಿಯಾಗಿ ಜೋಡಿಸಲು ಅವರಿಗೆ ಆಗುವುದಿಲ್ಲ. ಹಾಗಾಗಿ ಕರೆಯನ್ನು ಪೂರ್ತಿ ಓದಿ. ಬೇಜಾರಾಗುತ್ತದೆ, ಆದರೂ ಓದಿ. ನನ್ನ ವಿಷಯವನ್ನು ನಾನು ಎರಡು ಕಡೆ ಇಟ್ಟು ನೋಡಿದೆ, ತತ್ವಶಾಸ್ತ್ರದ ಯೂನಿಟ್‌ಗಿಂತ ಭಾರತೀಯ ಚಿಂತನೆ ಓದುವವರು ಇರುವ ಕಡೆ ಹೊಂದುತ್ತದೆ ಅನ್ನಿಸಿ ಅಲ್ಲಿಗೆ ಕಳಿಸಿದೆ.

ವಿಷಯ ಏನಪ್ಪಾ ಅಂದರೆ ಕರ್ಮ ಮತ್ತು ಕೇಡಿನ ಸಮಸ್ಯೆ. ದೇವರು ಒಳ್ಳೆಯವನು, ಎಲ್ಲ ಶಕ್ತಿ ಉಳ್ಳವನು ಅನ್ನುವುದಾದರೆ ಲೋಕದಲ್ಲಿ ಇಷ್ಟು ನೋವು ಯಾಕೆ? ಪಶ್ಚಿಮದಲ್ಲಿ ಈ ಪ್ರಶ್ನೆಯ ಆಧುನಿಕ ರೂಪ ತತ್ವಜ್ಞಾನಿ ಜೆ.ಎಲ್. ಮ್ಯಾಕಿ 1955ರಲ್ಲಿ ಬರೆದ ಲೇಖನದಿಂದ ಗಟ್ಟಿಯಾಯಿತು ಅಂತ ನಮಗೆಲ್ಲ ಪಾಠ ಮಾಡುತ್ತಾರೆ. ಆದರೆ ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ, 2.1.34ರಲ್ಲಿ, ಇದೇ ಪ್ರಶ್ನೆ ಕೂತಿದೆ: ಒಬ್ಬ ಸುಖಿ, ಒಬ್ಬ ದುಃಖಿ ಅಂತ ಸೃಷ್ಟಿ ಮಾಡಿದ ದೇವರು ಪಕ್ಷಪಾತಿ ಅಲ್ವಾ, ಕ್ರೂರಿ ಅಲ್ವಾ? ಶಂಕರರ ಉತ್ತರ, ಇಲ್ಲ, ಅವನು ಜೀವಿಗಳ ಕರ್ಮ ನೋಡಿಕೊಂಡು ಸೃಷ್ಟಿ ಮಾಡುತ್ತಾನೆ, ಮಳೆ ಎಲ್ಲ ಬೀಜಕ್ಕೂ ಒಂದೇ, ಬೆಳೆ ಬೇರೆಯಾಗುವುದು ಬೀಜದಿಂದ. ಸರಿ, ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಕರ್ಮ ಎಲ್ಲಿಂದ ಬಂತು ಅಂದರೆ, ಮೊಟ್ಟಮೊದಲು ಅನ್ನುವುದೇ ಇಲ್ಲ, ಸಂಸಾರ ಅನಾದಿ, ಇದು ಮುಂದಿನ ಸೂತ್ರ. ನನ್ನ ತಕರಾರು ಇಲ್ಲಿತ್ತು. ಸರಪಳಿಯ ಪ್ರತಿ ಕೊಂಡಿಗೂ ಹಿಂದಿನ ಕೊಂಡಿಯಿಂದ ಕಾರಣ ಕೊಟ್ಟರೆ, ಇಡೀ ಸರಪಳಿ ಯಾಕಿದೆ ಅನ್ನುವುದಕ್ಕೂ ಉತ್ತರ ಕೊಟ್ಟಂತೆ ಆಗುತ್ತದಾ? ಹದಿನೆಂಟನೇ ಶತಮಾನದ ತತ್ವಜ್ಞಾನಿ ಡೇವಿಡ್ ಹ್ಯೂಮ್, ಆಗುತ್ತದೆ ಅನ್ನುವ ಕಡೆ. ನಾನು ಆಗುವುದಿಲ್ಲ ಅನ್ನುವ ಕಡೆ.

ಏಪ್ರಿಲ್‌ನಲ್ಲಿ ಒಪ್ಪಿಗೆ ಬಂತು. ಖುಷಿಯಾಯಿತು, ಆಮೇಲೆ ಖರ್ಚಿನ ಲೆಕ್ಕ ಹಾಕಿದೆ, ಖುಷಿ ಸ್ವಲ್ಪ ಇಳಿಯಿತು. ಪೇಪರ್ ಓದಬೇಕಾದರೆ ಸದಸ್ಯತ್ವ ಬೇಕು, ನೋಂದಣಿ ಶುಲ್ಕ ಬೇರೆ. ಸದಸ್ಯತ್ವದ ಹಣ ಆದಾಯಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಕೆಲಸ ಇಲ್ಲದವರು, ವಿದ್ಯಾರ್ಥಿಗಳು ಪಟ್ಟಿ ನೋಡದೇ ಹೆದರಬೇಡಿ. ನೋಂದಣಿ ಬೇಗ ಮಾಡಿದಷ್ಟೂ ಕಡಿಮೆ. ವಿಮಾನ, ಹೋಟೆಲ್ ಇವೇ ದೊಡ್ಡ ಖರ್ಚು. ಸಮ್ಮೇಳನದವರು ಹೋಟೆಲ್‌ಗಳಲ್ಲಿ ರಿಯಾಯಿತಿ ಕೋಣೆ ಹಿಡಿದಿರುತ್ತಾರೆ, ಹತ್ತಿರದವು ಬೇಗ ಖಾಲಿಯಾಗುತ್ತವೆ. ಕೋಣೆ ಹಂಚಿಕೊಳ್ಳಲು ಯಾರಾದರೂ ಸಿಕ್ಕರೆ ಸಂಕೋಚ ಪಡಬೇಡಿ, ಅಲ್ಲಿ ಪ್ರೊಫೆಸರ್‌ಗಳೂ ಹಂಚಿಕೊಳ್ಳುತ್ತಾರೆ.

ಅಮೆರಿಕದ ಹೊರಗಿನಿಂದ ಹೋಗುವವರಿಗೆ ವೀಸಾ ಇನ್ನೊಂದು ಅಧ್ಯಾಯ. ಸಮ್ಮೇಳನಕ್ಕೆ ಬೇಕಾದದ್ದು ಬಿ1, ಅಂದರೆ ಕೆಲಸದ ಮೇಲೆ ಸ್ವಲ್ಪ ದಿನ ಹೋಗಿಬರುವವರ ವೀಸಾ. ಅದರ ಅರ್ಜಿ ಶುಲ್ಕ 2023ರ ಜೂನ್‌ನಲ್ಲಿ 160 ಡಾಲರ್‌ನಿಂದ 185 ಡಾಲರ್‌ಗೆ ಏರಿತು, ನನ್ನ ಅದೃಷ್ಟ ನೋಡಿ. ಹಣಕ್ಕಿಂತ ಹಿಂಸೆ ಸಂದರ್ಶನದ ದಿನಾಂಕಕ್ಕೆ ಕಾಯುವುದು. ಒಪ್ಪಿಗೆ ಪತ್ರ ಬಂದ ಕೂಡಲೇ ಆಹ್ವಾನ ಪತ್ರ ಕೇಳಿ ತೆಗೆದುಕೊಳ್ಳಿ, ಅದೇ ವಾರ ದಿನಾಂಕ ಹುಡುಕಲು ಕೂರಿ. ಏಪ್ರಿಲ್‌ಗೂ ನವೆಂಬರ್‌ಗೂ ನಡುವೆ ಬೇಕಾದಷ್ಟು ಸಮಯ ಇದೆ ಅಂತ ಅನ್ನಿಸುತ್ತದೆ, ಇರುವುದಿಲ್ಲ. ಇದೆಲ್ಲ ಸಾಧ್ಯವೇ ಇಲ್ಲ ಅನ್ನುವವರಿಗೆ ಈಚೆಗೆ ಜೂನ್ ತಿಂಗಳಲ್ಲಿ ಆನ್‌ಲೈನ್ ಗೋಷ್ಠಿಗಳನ್ನೂ ಶುರು ಮಾಡಿದ್ದಾರೆ. ಆದರೆ ನಾನು ಮುಂದೆ ಹೇಳುವ ಪುಸ್ತಕದ ಹಾಲ್ ಅಲ್ಲಿ ಇರುವುದಿಲ್ಲ.

ಪೇಪರ್‌ಗೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಅಂದರೆ ಇಂಗ್ಲಿಷಿನಲ್ಲಿ ಸುಮಾರು ಎಂಟು ಪುಟ, ಸಾಲುಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡಿದರೆ. ಹನ್ನೆರಡು ಪುಟ ತಂದು ಓಡಿಸುವವರು ಪ್ರತಿ ಗೋಷ್ಠಿಯಲ್ಲೂ ಒಬ್ಬರು ಸಿಗುತ್ತಾರೆ, ಅಧ್ಯಕ್ಷರು ಚೀಟಿ ತೋರಿಸುತ್ತಲೇ ಇರುತ್ತಾರೆ, ಅವರು ಚೀಟಿ ನೋಡುವುದೇ ಇಲ್ಲ. ಕೊನೆಗೆ ಓದುವವರ ಸಮಯ ಹಾಳಾಗುತ್ತದೆ. ಗೋಷ್ಠಿಗೆ ಪ್ರತಿಕ್ರಿಯೆ ಕೊಡುವವರು ಇದ್ದರೆ ಕೆಲವು ವಾರ ಮುಂಚೆಯೇ ಪೇಪರ್ ಅವರ ಕೈಗೆ ಸೇರಬೇಕು. ವಿಮಾನದಲ್ಲಿ ಬರೆಯೋಣ ಅಂದುಕೊಂಡಿದ್ದರೆ ಮರೆತುಬಿಡಿ.

ಮೊದಲ ದಿನ ಬ್ಯಾಡ್ಜ್ ಕೊಟ್ಟರು. ಹೆಸರು, ಅದರ ಕೆಳಗೆ ಸಂಸ್ಥೆ. ಎದುರಿಗೆ ಬಂದವರ ಕಣ್ಣು ಮೊದಲು ಹೋಗುವುದು ಆ ಎರಡನೇ ಸಾಲಿಗೆ. ಅಲ್ಲಿ ದೊಡ್ಡ ಹೆಸರಿದ್ದರೆ ನಿಂತು ಮಾತಾಡುತ್ತಾರೆ, ಇಲ್ಲದಿದ್ದರೆ ಒಂದು ನಗು ಕೊಟ್ಟು ಮುಂದೆ ಹೋಗುತ್ತಾರೆ. ಎಲ್ಲರೂ ಹಾಗಲ್ಲ, ಆದರೆ ಮೊದಲ ದಿನ ಎಲ್ಲರೂ ಹಾಗೇ ಅಂತ ಅನ್ನಿಸಿತು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ, ನೀವು ಯಾವುದರ ಮೇಲೆ ಕೆಲಸ ಮಾಡ್ತೀರಿ? ನಾನು, ಕೇಡಿನ ಸಮಸ್ಯೆ, ಅಂದೆ. ಅವರು ಸುಮ್ನೆ ನೋಡಿದರು. ಇನ್ನೂ ಏನೋ ಬರಬೇಕು ಅಂತ ಕಾಯುತ್ತಿದ್ದರು. ಅಲ್ಲಿ ಜನ ಕೊಡುವ ಉತ್ತರ ಹೀಗಿರುತ್ತದೆ: ಹದಿನಾರನೇ ಶತಮಾನದ ಬಂಗಾಳದ ವೈಷ್ಣವರು, ಬ್ರೆಜಿಲ್‌ನ ಪೆಂಟಕೋಸ್ಟಲ್ ಚರ್ಚುಗಳು. ಒಂದು ಕಾಲ, ಒಂದು ಜಾಗ, ಒಂದು ಜನ. ನಮಗೆ ಸಮಸ್ಯೆ ಇರುತ್ತದೆ, ಅವರಿಗೆ ಜನ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾನೂ, ಎಂಟನೇ ಶತಮಾನದ ಅದ್ವೈತ, ಅನ್ನಲು ಶುರು ಮಾಡಿದೆ. ಮಾತು ತಾನಾಗೇ ಮುಂದುವರಿಯಿತು. ಇನ್ನೊಂದು ಪ್ರಶ್ನೆಗೂ ತಯಾರಿರಿ, ನೀವು ನಂಬುತ್ತೀರಾ ಅಂತ. ತತ್ವಶಾಸ್ತ್ರದ ಸಮ್ಮೇಳನದಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅಸಭ್ಯ. ಇಲ್ಲಿ ಕೆಲವರು ಕಾಫಿ ಕುಡಿಯುತ್ತಾ ಆರಾಮಾಗಿ ಕೇಳುತ್ತಾರೆ, ಕೆಲವರು ಕೇಳುವವರನ್ನು ನೋಡಿ ಮುಖ ಕಿವಿಚುತ್ತಾರೆ. ನಾನು, ವಾದ ಸರಿ ಇದೆಯಾ ಅಂತ ನೋಡುತ್ತಿದ್ದೇನೆ, ಅಂದು ಜಾರಿಕೊಂಡೆ.

ನನ್ನ ಗೋಷ್ಠಿ. ದೊಡ್ಡ ಸಮ್ಮೇಳನದಲ್ಲಿ ಒಂದೇ ಹೊತ್ತಿಗೆ ಹತ್ತಾರು ಗೋಷ್ಠಿ ನಡೆಯುತ್ತಿರುತ್ತವೆ, ಆದ್ದರಿಂದ ಕೋಣೆ ತುಂಬುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ. ಓದುವವರು, ಅಧ್ಯಕ್ಷರು, ಓದುವವರ ಗೆಳೆಯರು, ಅವರನ್ನು ಬಿಟ್ಟರೆ ಉಳಿದವರೇ ನಿಜವಾದ ಕೇಳುಗರು. ಅವರು ಕಡಿಮೆ ಇರುತ್ತಾರೆ, ಆದರೆ ವಿಷಯ ಬಲ್ಲವರು.

ನಾನು ಓದಿ ಮುಗಿಸಿದೆ. ಮೊದಲ ಪ್ರಶ್ನೆ ನಮ್ಮ ಕಡೆಯವರೊಬ್ಬರದ್ದು, ಹ್ಯೂಮ್‌ನ ತತ್ವವನ್ನು ನೀವು ಬೇಗ ಬಿಟ್ಟುಕೊಟ್ಟಿರಿ ಅಂತ. ಐದು ನಿಮಿಷ ಚೆನ್ನಾಗಿ ಜಟಾಪಟಿ ಆಯಿತು. ನಾವಿಬ್ಬರೂ ಖುಷಿಯಾಗಿದ್ದೆವು, ಉಳಿದವರು ಫೋನ್ ನೋಡುತ್ತಿದ್ದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಪೇಪರಿನ ಉದ್ದಕ್ಕೂ ಕರ್ಮ ಸಿದ್ಧಾಂತ, ಕರ್ಮ ಸಿದ್ಧಾಂತ ಅಂತೀರಲ್ಲ, ಯಾರದ್ದು ಅದು? ಜೈನರಿಗೆ ಕರ್ಮ ಅಂದರೆ ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ, ಸೃಷ್ಟಿ ಮಾಡುವ ದೇವರೇ ಅಲ್ಲಿಲ್ಲ, ಹಾಗಾದರೆ ನಿಮ್ಮ ಸಮಸ್ಯೆಯೇ ಅಲ್ಲಿ ಹುಟ್ಟುವುದಿಲ್ಲ. ಬೌದ್ಧರಲ್ಲಿ ಹೊತ್ತುಕೊಂಡು ಹೋಗುವ ಆತ್ಮವೇ ಇಲ್ಲ. ಮಧ್ವರು ಕರ್ಮದ ಹಿಂದೆ ಜೀವದ ಅನಾದಿ ಸ್ವಭಾವವನ್ನು ಇಡುತ್ತಾರೆ. ಇಷ್ಟು ಹೇಳಿ, ಇನ್ನೊಂದು ಮಾತು ಸೇರಿಸಿದರು: ಅಂಗವಿಕಲ ಮಗುವಿನ ತಾಯಿಗೆ, ಕೆಳಜಾತಿ ಅಂತ ತುಳಿಸಿಕೊಂಡವರಿಗೆ, ಇದು ನಿಮ್ಮ ಹಿಂದಿನ ಕರ್ಮ ಅಂತ ಹೇಳಿಕೊಂಡು ಬಂದಿದ್ದಾರಲ್ಲ, ಆ ಮಾತು ನಿಮ್ಮ ವಾದದಲ್ಲಿ ಎಲ್ಲಿದೆ?

ನನಗೆ ಕಿರಿಕಿರಿ ಆಯಿತು. ಒಂದು ವಾದ ಸರಿಯೋ ತಪ್ಪೋ ಅನ್ನುವುದು ಅದನ್ನು ಯಾರು ಯಾರಿಗೆ ಹೇಳಿದರು ಅನ್ನುವುದರ ಮೇಲೆ ನಿಲ್ಲುವುದಿಲ್ಲ, ಇದು ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ. ಅದನ್ನೇ ಸಭ್ಯವಾಗಿ ಹೇಳಿದೆ. ಅವರು ತಲೆ ಆಡಿಸಿ ಕೂತರು, ಒಪ್ಪಿದ್ದಕ್ಕಲ್ಲ. ಈಗಲೂ ನನ್ನ ನಿಲುವು ಅದೇ. ಆದರೆ ಆ ಪ್ರಶ್ನೆಯನ್ನು ಅದೇ ರಾತ್ರಿ, ಅವರ ಮಾತಿನಲ್ಲೇ ಬರೆದಿಟ್ಟುಕೊಂಡೆ. ಈ ಒಂದು ಕೆಲಸ ಮಾಡಿ: ಗೋಷ್ಠಿ ಮುಗಿದ ದಿನವೇ ಬಂದ ಪ್ರಶ್ನೆಗಳನ್ನೆಲ್ಲ ಬರೆಯಿರಿ, ನಿಮಗೆ ಇಷ್ಟವಾಗದ್ದನ್ನು ಮೊದಲು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪುಸ್ತಕದ ಹಾಲ್ ಬಗ್ಗೆ ಹೇಳಲೇಬೇಕು. ನೂರಕ್ಕೂ ಹೆಚ್ಚು ಪ್ರಕಾಶಕರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಬ್ರಿಲ್, ಬ್ಲೂಮ್ಸ್‌ಬರಿ, ಭಾರತೀಯ ಚಿಂತನೆಯ ಮೇಲೆ ಬಹಳ ಪುಸ್ತಕ ತಂದಿರುವ ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ಪ್ರೆಸ್. ಕೊನೆಯ ದಿನ ಪುಸ್ತಕಗಳ ಬೆಲೆ ಇಳಿಯುತ್ತದೆ, ಜನ ಖಾಲಿ ಸೂಟ್‌ಕೇಸ್ ತಂದು ಕಾಯುತ್ತಾರೆ. ಆದರೆ ಹಾಲ್‌ನ ನಿಜವಾದ ಉಪಯೋಗ ಪುಸ್ತಕ ಕೊಳ್ಳುವುದಲ್ಲ. ಯಾವ ಪುಸ್ತಕ ಅಚ್ಚು ಮಾಡಬೇಕು ಅಂತ ಆರಿಸುವ ಸಂಪಾದಕರು ಅಲ್ಲೇ ಮೇಜು ಹಾಕಿಕೊಂಡು ಕೂತಿರುತ್ತಾರೆ. ಸುಮ್ನೆ ಹೋಗಿ ನಿಂತರೆ ಮಾತಾಡಿಸುತ್ತಾರೆ, ಆದರೆ ಸಮಯ ಸಿಗುವುದಿಲ್ಲ. ತಿಂಗಳ ಮುಂಚೆ ಮೇಲ್ ಬರೆದು, ಪುಸ್ತಕದ ವಿಷಯ ಒಂದು ಪ್ಯಾರಾದಲ್ಲಿ ಹೇಳಿ, ಸಮಯ ಕೇಳಿ. ಹೆಚ್ಚಿನವರು ಕೊಡುತ್ತಾರೆ.

ನಾನು ಭೇಟಿಯಾದ ಸಂಪಾದಕಿ ನನ್ನ ವಾದ ಪೂರ್ತಿ ಕೇಳಲೇ ಇಲ್ಲ. ಎರಡು ನಿಮಿಷ ಕೇಳಿ, ಇದನ್ನು ಯಾರು ಓದುತ್ತಾರೆ ಅಂದರು. ತತ್ವಶಾಸ್ತ್ರದವರು, ಧರ್ಮಾಧ್ಯಯನದವರು, ಇಬ್ಬರೂ, ಅಂದೆ. ಅವರು ನಕ್ಕರು. ಇಬ್ಬರೂ ಅಂದರೆ ಅಂಗಡಿಯಲ್ಲಿ ಎರಡು ಕಪಾಟಿನ ನಡುವೆ ಇಡಬೇಕಾಗುತ್ತದೆ, ಅಲ್ಲಿ ಗೋಡೆ ಇರುತ್ತದೆ, ಅಂದರು. ಯಾವ ಕೋರ್ಸ್‌ನಲ್ಲಿ ಪಾಠಕ್ಕೆ ಇಡಬಹುದು, ಇದರ ಹತ್ತಿರ ಬರುವ ಪುಸ್ತಕ ಯಾವುದು, ನಿಮ್ಮದು ಅದಕ್ಕಿಂತ ಹೇಗೆ ಬೇರೆ, ಪಿಎಚ್‌ಡಿ ಪ್ರಬಂಧವನ್ನೇ ತರ್ತಿದ್ದೀರಾ ಇಲ್ಲ ಹೊಸದಾಗಿ ಬರೆದಿದ್ದೀರಾ, ಎಷ್ಟು ಭಾಗ ಆಗಲೇ ಜರ್ನಲ್‌ಗಳಲ್ಲಿ ಬಂದಿದೆ? ಇವಿಷ್ಟಕ್ಕೂ ಉತ್ತರ ಇಟ್ಟುಕೊಂಡು ಹೋಗಿ. ಬಂದ ಕೂಡಲೇ ಹಸ್ತಪ್ರತಿ ಕಳಿಸುವ ಪದ್ಧತಿ ಇಲ್ಲ. ಮೊದಲು ಪ್ರಸ್ತಾವನೆ: ಪುಸ್ತಕದ ಒಟ್ಟು ನೋಟ, ಅಧ್ಯಾಯಗಳ ಸಾರ, ಒಂದೆರಡು ಮಾದರಿ ಅಧ್ಯಾಯ, ಓದುಗರು ಯಾರು, ಎಷ್ಟು ಪದ, ಯಾವಾಗ ಮುಗಿಯುತ್ತದೆ. ಅದು ಇಷ್ಟವಾದರೆ ಹೊರಗಿನ ವಿದ್ವಾಂಸರಿಗೆ ಓದಲು ಕಳಿಸುತ್ತಾರೆ, ಅವರ ವರದಿ ಬಂದ ಮೇಲೆ ನಿಮ್ಮಿಂದ ಉತ್ತರ ಕೇಳುತ್ತಾರೆ, ಕೊನೆಗೆ ಪ್ರೆಸ್‌ನ ಮಂಡಳಿ. ಸಂಪಾದಕರ ನಗು ಒಪ್ಪಂದ ಅಲ್ಲ.

ಮೊದಲು ಒಂದು ಲೇಖನ ಅಚ್ಚಾಗಲಿ, ಅಂತ ಅವರೇ ಹೇಳಿದರು. ಹಾಗಾಗಿ ವಾಪಸ್ ಬಂದು ಜರ್ನಲ್‌ಗಳ ಕಡೆ ತಿರುಗಿದೆ.

ನಮ್ಮ ಕ್ಷೇತ್ರದ ಜರ್ನಲ್‌ಗಳು ಲೆಕ್ಕಕ್ಕೆ ಸಿಗುವಷ್ಟೇ. 1965ರಲ್ಲಿ ಶುರುವಾದ ರಿಲಿಜಿಯಸ್ ಸ್ಟಡೀಸ್, ಮೆಲ್ಬರ್ನ್‌ನಲ್ಲಿ 1962ರಲ್ಲಿ ಹುಟ್ಟಿದ ಸೋಫಿಯಾ, 1970ರ ಇಂಟರ್‌ನ್ಯಾಷನಲ್ ಜರ್ನಲ್ ಫಾರ್ ಫಿಲಾಸಫಿ ಆಫ್ ರಿಲಿಜನ್. ಭಾರತೀಯ ವಿಷಯ ಇದ್ದರೆ 1951ರಿಂದ ಹವಾಯಿಯಿಂದ ಬರುವ ಫಿಲಾಸಫಿ ಈಸ್ಟ್ ಅಂಡ್ ವೆಸ್ಟ್, ಬಿಮಲ್ ಕೃಷ್ಣ ಮತಿಲಾಲ್ ಕಟ್ಟಿದ ಜರ್ನಲ್ ಆಫ್ ಇಂಡಿಯನ್ ಫಿಲಾಸಫಿ. ಎಎಆರ್‌ನದೇ ಜರ್ನಲ್ ಬೇರೆ ಇದೆ, ಅಲ್ಲಿ ಇಡೀ ಧರ್ಮಾಧ್ಯಯನಕ್ಕೆ ಏನಾದರೂ ಹೇಳುವಂಥದ್ದು ಬೇಕು, ಒಂದು ವಾದದ ಎರಡನೇ ಆಧಾರವಾಕ್ಯ ಬಿದ್ದುಹೋಯಿತು ಅಂದರೆ ಸಾಲದು. ನಿಮ್ಮ ಪೇಪರ್ ಯಾರ ಜೊತೆ ಮಾತಾಡುತ್ತಿದೆ ಅಂತ ಅಡಿಟಿಪ್ಪಣಿ ನೋಡಿ, ಅವರು ಎಲ್ಲಿ ಬರೆದಿದ್ದಾರೋ ಅಲ್ಲಿಗೇ ಕಳಿಸುವುದು ಒಳ್ಳೆಯ ಉಪಾಯ. ನನ್ನದು ಫಿಲಾಸಫಿ ಈಸ್ಟ್ ಅಂಡ್ ವೆಸ್ಟ್‌ನಲ್ಲಿ ನಡೆದ ಜಗಳವೊಂದರ ಮುಂದುವರಿಕೆ. 2005ರಲ್ಲಿ ವಿಟ್ಲಿ ಕಾಫ್ಮನ್ ಅಲ್ಲಿ ಕರ್ಮ ಸಿದ್ಧಾಂತದ ಮೇಲೆ ನೈತಿಕ ಆಕ್ಷೇಪಗಳ ಸಾಲನ್ನೇ ಇಟ್ಟಿದ್ದರು, ನೆನಪೇ ಇಲ್ಲದ ತಪ್ಪಿಗೆ ಶಿಕ್ಷೆ ಹೇಗೆ ನ್ಯಾಯ ಅನ್ನುವುದೂ, ಕೊನೆಯಿಲ್ಲದೆ ಹಿಂದೆ ಹೋಗುವ ಸಮಸ್ಯೆಯೂ ಅದರಲ್ಲಿ ಇದ್ದವು. 2007ರಲ್ಲಿ ಮೋನಿಮಾ ಛಡ್ಢಾ ಮತ್ತು ನಿಕ್ ಟ್ರಾಕಾಕಿಸ್ ಅಲ್ಲೇ ಉತ್ತರ ಕೊಟ್ಟರು. ಈ ವಿಷಯ ಮುಟ್ಟುವವರು ಈ ಎರಡನ್ನೂ ಓದದೇ ಕಳಿಸಿದರೆ ವಾಪಸ್ ಬರುವುದು ಖಂಡಿತ.

ಓದಿಯೂ ನನ್ನದು ವಾಪಸ್ ಬಂತು. ಎಲ್ಲಿಂದ ಅಂತ ಹೇಳುವುದಿಲ್ಲ. ಒಂದು ಜರ್ನಲ್ ತಿಂಗಳುಗಟ್ಟಲೆ ಇಟ್ಟುಕೊಂಡು, ಪೇಪರ್ ಓದಿ ಅಭಿಪ್ರಾಯ ಕೊಡುವ ಹೊರಗಿನ ತಜ್ಞರಿಗೆ, ಅಂದರೆ ವಿಮರ್ಶಕರಿಗೂ ಕಳಿಸದೆ, ಇದು ಭಾರತೀಯ ಗ್ರಂಥಗಳ ತಜ್ಞರ ಜರ್ನಲ್‌ಗೆ ಸೂಕ್ತ ಅಂತ ಎರಡು ಸಾಲು ಬರೆಯಿತು. ಅಂಥದ್ದೇ ಒಂದು ಜರ್ನಲ್‌ಗೆ ಕಳಿಸಿದೆ. ಅವರು, ಇದು ಧರ್ಮದ ತತ್ವಶಾಸ್ತ್ರದ ಜರ್ನಲ್‌ಗೆ ಹೊಂದುತ್ತದೆ, ಅಂದರು. ಕಚೇರಿಗಳಲ್ಲಿ ಈ ಕಿಟಕಿ ಅಲ್ಲ, ಆ ಕಿಟಕಿ ಅಂತ ಓಡಿಸುತ್ತಾರಲ್ಲ, ಥೇಟ್ ಅದೇ. ಆ ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಪೇಪರ್ ಕೆಟ್ಟದಾಗಿದೆ ಅಂದಿದ್ದರೆ ಸರಿಪಡಿಸಬಹುದಿತ್ತು, ನೀವು ನಮ್ಮವರಲ್ಲ ಅಂದರೆ ಏನು ಸರಿಪಡಿಸುವುದು? ಒಂದು ಹೊತ್ತಿಗೆ ಒಂದೇ ಜರ್ನಲ್‌ಗೆ ಕಳಿಸಬೇಕು ಅನ್ನುವುದು ನಿಯಮ, ಕದ್ದು ಎರಡು ಕಡೆ ಕಳಿಸಬೇಡಿ, ವಿಮರ್ಶಕರು ಬೆರಳೆಣಿಕೆಯಷ್ಟೇ ಇರುವ ಕ್ಷೇತ್ರ, ಒಬ್ಬರ ಕೈಗೇ ಎರಡೂ ಬೀಳುತ್ತವೆ. ಹಾಗಾಗಿ ಕಾಯಲೇಬೇಕು. ಮೂರ್ನಾಲ್ಕು ತಿಂಗಳಾದ ಮೇಲೆ ಸಭ್ಯವಾಗಿ ಒಂದು ಮೇಲ್ ಹಾಕಿ ವಿಚಾರಿಸುವುದು ತಪ್ಪಲ್ಲ. ಜರ್ನಲ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ 'ಸಂಪಾದಕರ ಬಳಿ ಇದೆ' ಅಂತ ತೋರಿಸುತ್ತಿದ್ದರೆ ಅದರಲ್ಲಿ ಅರ್ಥ ಹುಡುಕಬೇಡಿ. ನಾನು ದಿನಾ ಹುಡುಕುತ್ತಿದ್ದೆ.

ಈ ಹೊತ್ತಿನಲ್ಲೇ ಬೇರೆ ಥರದ ಮೇಲ್‌ಗಳು ಬರುತ್ತವೆ, ಎಚ್ಚರ. ಸಮ್ಮೇಳನದ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ನಿಮ್ಮನ್ನು ಮಹಾನ್ ವಿದ್ವಾಂಸರೇ ಅಂತ ಕರೆದು, ವಾರದಲ್ಲಿ ಅಚ್ಚು ಮಾಡುತ್ತೇವೆ, ಇಷ್ಟು ಡಾಲರ್ ಕಟ್ಟಿ ಅನ್ನುತ್ತಾರೆ. ಸೋತ ಮನಸ್ಸಿಗೆ ಅದು ಹಿತವಾಗಿ ಕಾಣುತ್ತದೆ. ತತ್ವಶಾಸ್ತ್ರದಲ್ಲಿ, ಧರ್ಮಾಧ್ಯಯನದಲ್ಲಿ ಒಳ್ಳೆಯ ಜರ್ನಲ್‌ಗಳು ಸಾಮಾನ್ಯ ದಾರಿಯಲ್ಲಿ ಲೇಖಕರಿಂದ ದುಡ್ಡು ಕೇಳುವುದಿಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಇಡಬೇಕು ಅಂದರೆ ಮಾತ್ರ ದೊಡ್ಡ ಪ್ರಕಾಶಕರು ಸಾವಿರಾರು ಡಾಲರ್ ಶುಲ್ಕ ಹಾಕುತ್ತಾರೆ, ಅದೂ ಬೇಕಿದ್ದರೆ. ಅನುಮಾನ ಬಂದರೆ ಆ ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿ ನಿಮಗೆ ಗೊತ್ತಿರುವ ಒಂದು ಹೆಸರಾದರೂ ಇದೆಯಾ, ಆ ಹೆಸರಿನವರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಅದನ್ನು ಹೇಳಿಕೊಂಡಿದ್ದಾರಾ ನೋಡಿ.

ಇನ್ನೊಂದು ಜರ್ನಲ್‌ಗೆ ಕಳಿಸುವ ಮೊದಲು ಸ್ಯಾನ್ ಆಂಟೋನಿಯೋದಲ್ಲಿ ಬರೆದಿಟ್ಟ ಪ್ರಶ್ನೆಗಳನ್ನು ತೆಗೆದೆ. ಯಾರದ್ದು ಅದು? ಈ ಪ್ರಶ್ನೆಗೆ ಶರಣಾಗದೆಯೇ ಉತ್ತರ ಕೊಡಬಹುದು ಅನ್ನಿಸಿತು. ಶೀರ್ಷಿಕೆಯಿಂದ 'ಕರ್ಮ ಸಿದ್ಧಾಂತ' ತೆಗೆದೆ, ಶಂಕರರ ಅನಾದಿ ವಾದ ಅಂತ ಹಾಕಿದೆ. ಜೈನರ, ಬೌದ್ಧರ ಬಗ್ಗೆ, ಇದು ಅವರಿಗೆ ಯಾಕೆ ಅನ್ವಯಿಸುವುದಿಲ್ಲ ಅಂತ ಒಂದು ಪುಟ. ಮಧ್ವರನ್ನು ಪಕ್ಕಕ್ಕಿಟ್ಟು ನೋಡಿದಾಗ ಮಾತ್ರ ನನಗೇ ಹೊಸದೊಂದು ಸಿಕ್ಕಿತು. ಜೀವಗಳ ಸ್ವಭಾವವೇ ಬೇರೆ ಬೇರೆ, ಅದೂ ಅನಾದಿ ಅಂದುಬಿಟ್ಟರೆ ಸರಪಳಿಯ ಪ್ರಶ್ನೆ ಹೋಗುತ್ತದೆ. ಆದರೆ ಅದರ ಜಾಗದಲ್ಲಿ, ಕೆಲವು ಜೀವಗಳಿಗೆ ಮೋಕ್ಷವೇ ಇಲ್ಲ ಅನ್ನುವ ಇನ್ನೂ ಕಠಿಣ ಉತ್ತರ ಬಂದು ಕೂರುತ್ತದೆ. ಅಂದರೆ ಅನಾದಿ ಅನ್ನುವ ಒಂದೇ ಉಪಾಯ ಇಬ್ಬರ ಕೈಯಲ್ಲಿ ಎರಡು ಕೆಲಸ ಮಾಡುತ್ತಿದೆ. ಪೇಪರ್‌ನ ಈಗಿನ ಹೂರಣ ಅದೇ. ನೋವು ಅನುಭವಿಸುವವರಿಗೆ ಈ ಮಾತು ಹೇಳುವುದರ ನೈತಿಕತೆ ಬೇರೆ ಪ್ರಶ್ನೆ, ಅದನ್ನು ಬೇರೆ ಅಂತ ಸ್ಪಷ್ಟವಾಗಿ ಹೇಳಿ, ಯಾಕೆ ಬೇರೆ ಅಂತ ಎರಡು ಪ್ಯಾರಾ ಬರೆದೆ.

ಉತ್ತರ ಬಂತು: ತಿದ್ದಿ ಮತ್ತೆ ಕಳಿಸಿ. ಹೊಸಬರು ಇದನ್ನು ತಿರಸ್ಕಾರ ಅಂದುಕೊಳ್ಳುತ್ತಾರೆ. ಅಲ್ಲ, ಇದು ಒಳ್ಳೆಯ ಸುದ್ದಿ. ಮೊದಲ ವಿಮರ್ಶಕರಿಗೆ ಹೆಚ್ಚಿನದು ಇಷ್ಟವಾಗಿತ್ತು. ಎರಡನೆಯವರ ವರದಿ ಮೂರು ಪುಟ, ಅದರ ಮೊದಲ ಸಾಲೇ, ಲೇಖಕರು ಕರ್ಮವನ್ನು ಯಾವ ಸಂಪ್ರದಾಯದ ಒಳಗಿನಿಂದ ಓದುತ್ತಿದ್ದಾರೆ ಅನ್ನುವುದು ಇನ್ನೂ ಸ್ಪಷ್ಟವಾಗಬೇಕು, ಅಂತ. ಹಿಂದಿನ ಸಾಲಿನಲ್ಲಿ ಎದ್ದು ನಿಂತವರೇ ಬರೆದರೋ ಏನೋ ಅಂತ ನಕ್ಕೆ. ಇನ್ನೂ ಸ್ಪಷ್ಟ ಮಾಡುವುದು ಸುಲಭವಿತ್ತು, ಯಾಕಂದ್ರೆ ಅರ್ಧ ಉತ್ತರ ಆಗಲೇ ಬರೆದಾಗಿತ್ತು. ತಿದ್ದಿದ ಪೇಪರ್ ಜೊತೆ ಒಂದು ಪತ್ರ ಕಳಿಸಬೇಕು. ವಿಮರ್ಶಕರ ಪ್ರತಿ ಮಾತನ್ನೂ ಹಾಗೇ ಇಟ್ಟು, ಅದರ ಕೆಳಗೆ ಏನು ಮಾಡಿದಿರಿ, ಯಾವ ಪುಟದಲ್ಲಿ ಅಂತ ಬರೆಯಿರಿ. ಒಪ್ಪದಿದ್ದರೆ ಒಪ್ಪಿಲ್ಲ ಅಂತಲೇ ಬರೆದು ಕಾರಣ ಕೊಡಿ. ಎಲ್ಲದಕ್ಕೂ ತಲೆ ಆಡಿಸಿದರೆ ಪೇಪರ್ ಯಾರದ್ದೂ ಅಲ್ಲದಂತೆ ಆಗುತ್ತದೆ. ಹ್ಯೂಮ್ ವಿಷಯದಲ್ಲಿ ನಾನು ಬಗ್ಗಲಿಲ್ಲ, ಸಂಪಾದಕರು ಏನೂ ಅನ್ನಲಿಲ್ಲ.

ಒಪ್ಪಿಗೆ ಆದ ಮೇಲೂ ಕೆಲಸ ಇದೆ. ಕರಡು ಪುಟಗಳು ಬಂದಾಗ ಎರಡು ಮೂರು ದಿನದಲ್ಲಿ ನೋಡಿ ಕೊಡಿ ಅಂತಾರೆ. ಸಂಸ್ಕೃತ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವಾಗ ಮೇಲೆ ಗೆರೆ, ಕೆಳಗೆ ಚುಕ್ಕೆ ಇರುತ್ತವಲ್ಲ, ನನ್ನ ಕರಡಿನಲ್ಲಿ ಅರ್ಧ ಚುಕ್ಕೆಗಳು ಮಾಯವಾಗಿದ್ದವು, ಕೆಲವು ಕಡೆ ಅಕ್ಷರದ ಬದಲು ಖಾಲಿ ಚೌಕ. ಒಂದೊಂದನ್ನೂ ಗುರುತು ಮಾಡಿ ಕಳಿಸಿದೆ. ಯೂನಿಕೋಡ್ ಫಾಂಟ್‌ನಲ್ಲೇ ಟೈಪ್ ಮಾಡಿ, ಜೊತೆಗೆ ಸರಿಯಾಗಿ ಕಾಣುವ ಪಿಡಿಎಫ್ ಒಂದನ್ನು ಮೊದಲೇ ಕಳಿಸಿಡಿ, ಅರ್ಧ ತಲೆನೋವು ಕಡಿಮೆಯಾಗುತ್ತದೆ. ಹಕ್ಕುಸ್ವಾಮ್ಯದ ಫಾರಂ ಸಹಿ ಮಾಡುವ ಮೊದಲು ಓದಿ. ಒಪ್ಪಿಗೆಯಾದ ಆದರೆ ಅವರು ಇನ್ನೂ ಪುಟ ಕಟ್ಟದ ಪ್ರತಿಯನ್ನು ಎಲ್ಲಿ, ಯಾವಾಗ ಹಾಕಬಹುದು ಅಂತ ಅದರಲ್ಲಿ ಇರುತ್ತದೆ. ತತ್ವಶಾಸ್ತ್ರದವರಿಗೆ ಫಿಲ್‌ಆರ್ಕೈವ್ ಅನ್ನುವ ಜಾಲತಾಣ ಇದೆ, ಅಲ್ಲಿ ಹಾಕಿದರೆ ದುಡ್ಡು ಕೊಟ್ಟು ಓದಲಾಗದವರಿಗೂ ಸಿಗುತ್ತದೆ.

ಸಂಪಾದಕಿಗೆ ಲೇಖನದ ಕೊಂಡಿ ಕಳಿಸಿದೆ. ಪ್ರಸ್ತಾವನೆಯೂ ಎರಡು ಮಾದರಿ ಅಧ್ಯಾಯಗಳೂ ಕಳಿಸಿ ಅಂದಿದ್ದಾರೆ. ಓದುಗರು ಯಾರು ಅನ್ನುವ ಜಾಗದಲ್ಲಿ ಈಗ ಒಂದೇ ಗುಂಪಿನ ಹೆಸರು ಬರೆದಿದ್ದೇನೆ: ಭಾರತೀಯ ತತ್ವಶಾಸ್ತ್ರ ಪಾಠ ಮಾಡುವವರು. ಉಳಿದವರು ಬಂದರೆ ಬರಲಿ.